ಆಟವೋ, ಜಗಳವೋ? ಮನೆಯ ಬೆಕ್ಕುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಬೆಕ್ಕು ಸಾಕಿದವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಒಂದು ಸೋಫಾ ಮೇಲಿಂದ ಇನ್ನೊಂದರ ಮೇಲೆ ಹಾರುತ್ತದೆ, ಕುತ್ತಿಗೆಗೆ ಬಾಯಿ ಹಾಕುತ್ತದೆ, ಹಿಂಗಾಲಲ್ಲಿ ಪಟಪಟ ಒದೆಯುತ್ತದೆ. ನೋಡುವವರಿಗೆ ಎದೆ ಢವಢವ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎರಡೂ ಒಂದೇ ಚಾಪೆ ಮೇಲೆ ಮಲಗಿರುತ್ತವೆ. ಇನ್ನು ಕೆಲವು ಮನೆಗಳಲ್ಲಿ ಒಂದು ಸದ್ದೂ ಇರುವುದಿಲ್ಲ, ಆದರೆ ಒಂದು ಬೆಕ್ಕು ವಾರಗಟ್ಟಲೆ ಮಂಚದ ಕೆಳಗೇ ದಿನ ತಳ್ಳುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಈ ಎರಡನೆಯ ಮನೆಯವರು.

ಉದ್ದ ಓದೋಕೆ ಪುರುಸೊತ್ತಿಲ್ಲ. ಚುಟುಕಾಗಿ ಹೇಳಿ, ಹೇಗೆ ಗೊತ್ತಾಗುತ್ತದೆ?

ಎರಡು ವಿಷಯ ನೋಡಿ. ಸರದಿ ಬದಲಾಗುತ್ತಿದೆಯಾ? ಅಂದರೆ ಈಗ ಅಟ್ಟಿಸಿಕೊಂಡು ಹೋದದ್ದು ಮುಂದಿನ ಸುತ್ತಿನಲ್ಲಿ ಓಡುತ್ತಿದೆಯಾ, ಕೆಳಗೆ ಬಿದ್ದದ್ದು ಆಮೇಲೆ ಮೇಲೆ ಬರುತ್ತಿದೆಯಾ? ಎಲ್ಲ ಮುಗಿದ ಮೇಲೆ ಎರಡೂ ಆರಾಮಾಗಿ ಒಂದೇ ಕೋಣೆಯಲ್ಲಿ ಇರುತ್ತವಾ? ಎರಡಕ್ಕೂ ಹೌದು ಎಂದಾದರೆ ಅದು ಆಟ. ಯಾವಾಗಲೂ ಒಂದೇ ಓಡುವುದು, ಒಂದೇ ಅಡಗುವುದು ಆದರೆ ಅದು ಆಟವಲ್ಲ, ಎಷ್ಟೇ ಸೌಮ್ಯವಾಗಿ ಕಂಡರೂ ಅಷ್ಟೇ.

ಮೈಯಲ್ಲಿ ಏನೇನು ಗಮನಿಸಬೇಕು?

ಮೊದಲು ಕಿವಿ. ಆಟದಲ್ಲಿ ಕಿವಿ ಮುಂದಕ್ಕೇ ಇರುತ್ತದೆ, ಕುಸ್ತಿಯ ಮಧ್ಯೆ ಒಂದು ಕ್ಷಣ ಹಿಂದಕ್ಕೆ ಹೋಗಿ ಮತ್ತೆ ಎದ್ದು ನಿಲ್ಲುತ್ತದೆ. ಜಗಳದಲ್ಲಿ ಕಿವಿ ಪಕ್ಕಕ್ಕೆ ತಿರುಗುತ್ತದೆ, ಇಲ್ಲವೇ ತಲೆಗೆ ಪೂರ್ತಿ ಅಂಟಿಕೊಳ್ಳುತ್ತದೆ. ಅದಕ್ಕೆ ಕಾರಣ ಸರಳ: ಜಗಳದಲ್ಲಿ ಮೊದಲು ಹರಿದುಹೋಗುವುದು ಕಿವಿ. ಬೀದಿಯ ಹಳೇ ಗಂಡು ಬೆಕ್ಕುಗಳ ಕಿವಿ ನೋಡಿದರೆ ತಿಳಿಯುತ್ತದೆ.

ಆಮೇಲೆ ಉಗುರು. ಆಡುವಾಗ ಉಗುರು ಒಳಗಿರುತ್ತದೆ, ಏಟು ಮೆತ್ತನೆಯ ಪಾದದ್ದು. ಕಚ್ಚಿದರೂ ಹಲ್ಲು ಇಳಿಸುವುದಿಲ್ಲ. ನೆಲದ ಮೇಲೆ ಒಂದೆರಡು ಉದುರಿದ ಕೂದಲು ಸಿಕ್ಕಿದರೆ ತಲೆಬಿಸಿ ಬೇಡ, ಬೆಕ್ಕು ಇರುವ ಮನೆಯಲ್ಲಿ ಸಾಂಬಾರಿನಲ್ಲೂ ಕೂದಲು ಸಿಗುತ್ತದೆ. ಆದರೆ ಮುದ್ದೆ ಮುದ್ದೆಯಾಗಿ ಕಿತ್ತ ಕೂದಲು ಬಿದ್ದಿದ್ದರೆ ಅದು ಜಗಳದ ಗುರುತು.

ಬಾಲ ಮತ್ತು ಬೆನ್ನಿನ ಕೂದಲು ನೆಟ್ಟಗಾಗಿ, ಬಾಲ ಬಾಟಲಿ ತೊಳೆಯುವ ಬ್ರಶ್ ತರಹ ಉಬ್ಬಿದರೆ ಭಯ ಅಥವಾ ಸಿಟ್ಟು ಎಂದು ಅರ್ಥ. ಇದಕ್ಕೊಂದು ಹೊರತು ಇದೆ. ಚಿಕ್ಕ ಮರಿಗಳು ಬಾಲ ಉಬ್ಬಿಸಿಕೊಂಡು, ಬೆನ್ನು ಬಾಗಿಸಿ, ಅಡ್ಡಡ್ಡ ಕುಣಿಯುತ್ತಾ ಬರುತ್ತವೆ. ಅದು ಸುಮ್ನೆ ನಾಟಕ.

ಕಣ್ಣಿನ ಪಾಪೆ ದೊಡ್ಡದಾಗುವುದನ್ನು ಮಾತ್ರ ನಂಬಿಕೊಳ್ಳಬೇಡಿ. ಆಟದ ಉತ್ಸಾಹಕ್ಕೂ ದೊಡ್ಡದಾಗುತ್ತದೆ, ಹೆದರಿಕೆಗೂ ಆಗುತ್ತದೆ, ಕೋಣೆಯಲ್ಲಿ ಬೆಳಕು ಕಡಿಮೆ ಇದ್ದರೂ ಆಗುತ್ತದೆ.

ನನಗೆ ಎಲ್ಲಕ್ಕಿಂತ ನಂಬಿಕೆಯ ಗುರುತು ಮಧ್ಯದ ಬಿಡುವು. ಒಳ್ಳೆ ಆಟ ಒಂದೇ ಉಸಿರಿಗೆ ನಡೆಯುವುದಿಲ್ಲ. ನಮ್ಮನೆಯ ಕರಿಯ ಮತ್ತು ಚಿನ್ನು ಉರುಳಾಡುತ್ತಾ ಇರುವಾಗ ಕರಿಯ ಇದ್ದಕ್ಕಿದ್ದಂತೆ ಬಿಟ್ಟು, ಎರಡು ಅಡಿ ಆಚೆ ಕೂತು, ಭುಜ ನೆಕ್ಕಿಕೊಳ್ಳಲು ಶುರುಮಾಡುತ್ತಾನೆ, ಏನೂ ನಡೆದೇ ಇಲ್ಲ ಎನ್ನುವ ಹಾಗೆ. ಚಿನ್ನು ಬೆನ್ನ ಮೇಲೆ ಬಿದ್ದುಕೊಂಡೇ ಒಂದು ಕೈ ಚಾಚಿ ಅವನ ಬಾಲ ತಟ್ಟುತ್ತಾಳೆ. ಮತ್ತೆ ಶುರು. ತಪ್ಪಿಸಿಕೊಳ್ಳಲು ದಾರಿ ತೆರೆದಿದ್ದರೂ ಹೋಗದೆ ತಾನೇ ಕೆಣಕುವ ಬೆಕ್ಕು ತೊಂದರೆಯಲ್ಲಿಲ್ಲ.

ಹೊಟ್ಟೆ ತೋರಿಸಿ ಮಲಗುವುದು ಶರಣಾಗತಿಯಾ?

ನಾಯಿಗಳ ಲೆಕ್ಕವನ್ನು ಬೆಕ್ಕಿಗೆ ಹಚ್ಚಬೇಡಿ. ಬೆನ್ನ ಮೇಲೆ ಬಿದ್ದ ಬೆಕ್ಕಿಗೆ ನಾಲ್ಕು ಕಾಲೂ ಬಾಯಿಯೂ ಖಾಲಿ ಇರುತ್ತವೆ. ಸಡಿಲವಾಗಿ ಉರುಳುತ್ತಿದ್ದರೆ ಅದು ಆಟಕ್ಕೆ ಕರೆ. ಮೈ ಬಿಗಿಯಾಗಿ, ಕಿವಿ ಅಂಟಿಕೊಂಡು, ಬಾಯಿ ತೆರೆದು ಬುಸ್ಸೆನ್ನುತ್ತಾ ಮಲಗಿದ್ದರೆ ಅದು ಕೊನೆಯ ರಕ್ಷಣೆ. ಆಗ ಯಾರೂ ಕೈ ಹಾಕಬಾರದು, ನೀವೂ ಸೇರಿ.

ಸದ್ದು ಜಾಸ್ತಿ ಇದ್ದರೆ ಜಗಳ ಎಂದೇ ಅರ್ಥವಾ?

ಸದ್ದಿನ ಜಾತಿ ಮುಖ್ಯ. ಆಟ ಬಹುತೇಕ ಮೌನವಾಗಿ ನಡೆಯುತ್ತದೆ. ಕಾಲಿನ ಸದ್ದು, ಕುರ್ಚಿ ಜರುಗುವ ಸದ್ದು, ಸ್ಟೀಲ್ ಲೋಟ ಬೀಳುವ ಸದ್ದು ಎಲ್ಲ ಇರುತ್ತದೆ, ಬಾಯಿಂದ ಮಾತ್ರ ಏನೂ ಇರುವುದಿಲ್ಲ. ಅಪರೂಪಕ್ಕೆ ಒಂದು ಚಿಕ್ಕ ‘ಮ್ಯಾಂವ್’, ಅಷ್ಟೇ. ಗಂಟಲ ಆಳದಿಂದ ಎಳೆದು ಬರುವ ಗುರ್, ಮಗು ಅತ್ತ ಹಾಗೆ ಏರಿಳಿಯುವ ಕೂಗು, ಉಗಿದಂತೆ ಬರುವ ಬುಸ್, ಕೊನೆಗೆ ಕಿರುಚಾಟ: ಇವು ಬಂದರೆ ವಿಷಯ ಗಂಭೀರ.

ಹಾಗಂತ ಸದ್ದಿಲ್ಲ ಎಂದ ಮಾತ್ರಕ್ಕೆ ಎಲ್ಲ ಚೆನ್ನಾಗಿದೆ ಎಂದುಕೊಳ್ಳಬೇಡಿ. ಅದಕ್ಕೆ ಕೆಳಗೆ ಬೇರೆಯೇ ಪ್ರಶ್ನೆ ಇದೆ.

ಇದನ್ನು ಯಾರಾದರೂ ಸರಿಯಾಗಿ ಅಧ್ಯಯನ ಮಾಡಿದ್ದಾರಾ, ಅಥವಾ ಎಲ್ಲ ಬೆಕ್ಕು ಸಾಕಿದವರ ಅನುಭವದ ಮಾತಾ?

ಮಾಡಿದ್ದಾರೆ. ಸ್ಲೊವಾಕಿಯಾ ಮತ್ತು ಬ್ರಿಟನ್ನಿನ ಸಂಶೋಧಕರು 105 ಜೋಡಿ ಬೆಕ್ಕುಗಳ ವಿಡಿಯೋಗಳನ್ನು ಕೂತು ನೋಡಿ, ಒಂದೊಂದು ಚಲನೆಯನ್ನೂ ಬರೆದಿಟ್ಟು, 2023ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಜಾಸ್ತಿ ಜೋಡಿಗಳು ಆಟದ ಗುಂಪಿಗೆ ಬಿದ್ದವು. ಎರಡೂ ಕಡೆಯಿಂದ ನಡೆಯುವ ಕುಸ್ತಿ ಆಟದ ಗುರುತಾಗಿತ್ತು. ಕೂಗಾಟ ಮತ್ತು ಅಟ್ಟಾಡಿಸುವುದು ಜಗಳದ ಕಡೆಗೆ ವಾಲಿತ್ತು.

ನನಗೆ ಇಷ್ಟವಾದದ್ದು ಅವರ ಮೂರನೆಯ ಗುಂಪು. ಆಟವೂ ಅಲ್ಲ, ಜಗಳವೂ ಅಲ್ಲ, ನಡುವಿನದು. ಆಟವಾಗಿ ಶುರುವಾಗಿ ಬಿಸಿ ಏರಬಹುದಾದಂಥದ್ದು. ಮನೆಯಲ್ಲಿ ನಮಗೆ ಗೊಂದಲ ಆಗುವುದು ಇಲ್ಲೇ ಅಲ್ವಾ? ಹಾಗಾಗಿ ‘ಇದು ಆಟವಾ ಜಗಳವಾ’ ಎಂದು ಕೇಳುವುದಕ್ಕಿಂತ ‘ಇದು ಯಾವ ಕಡೆ ಹೋಗುತ್ತಿದೆ’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಆಡುವಾಗ ಒಂದು ಸಲ ಬುಸ್ ಅಂದಿತು. ಬಿಡಿಸಬೇಕಾ?

ಬೇಡ. ಅದು ‘ಸಾಕು, ನೋವಾಯ್ತು’ ಎಂದಷ್ಟೇ. ಇನ್ನೊಂದು ಬೆಕ್ಕು ಏನು ಮಾಡುತ್ತದೆ ನೋಡಿ. ನಿಲ್ಲಿಸಿದರೆ ಅವೆರಡರ ನಡುವೆ ಮಾತುಕತೆ ಚೆನ್ನಾಗಿದೆ. ಬುಸ್ ಅಂದರೂ ಬಿಡದೆ ಮೇಲೆ ಬೀಳುತ್ತಿದ್ದರೆ, ಅದೂ ದಿನಾ ಹೀಗೇ ಆದರೆ, ಆಗ ಮಧ್ಯೆ ಬನ್ನಿ.

ಪ್ರೀತಿಯಿಂದ ನೆಕ್ಕುತ್ತಾ ಇದ್ದವು, ಇದ್ದಕ್ಕಿದ್ದಂತೆ ಹೊಡೆದಾಡಿದವು. ಏನಿದು?

ತೀರಾ ಸಾಮಾನ್ಯ. ಒಂದು ಇನ್ನೊಂದರ ತಲೆ, ಕುತ್ತಿಗೆ ನೆಕ್ಕುತ್ತದೆ. ನೆಕ್ಕಿಸಿಕೊಳ್ಳುವ ಬೆಕ್ಕಿಗೆ ಸಾಕೆನಿಸಿ ತಲೆ ತಿರುಗಿಸುತ್ತದೆ. ನೆಕ್ಕುವ ಬೆಕ್ಕು ಬಿಡುವುದಿಲ್ಲ, ಕಾಲು ಹಾಕಿ ಒತ್ತಿ ಹಿಡಿಯುತ್ತದೆ. ಒಂದು ಏಟು, ಎರಡು ಉರುಳು, ಮುಗಿಯಿತು. ನಮ್ಮ ಕಡೆ ಮಕ್ಕಳ ತಲೆ ಬಾಚುವಾಗ ನಡೆಯುವುದೂ ಇದೇ.

ಮರಿಗಳು ಇಡೀ ದಿನ ಕಚ್ಚಾಡುತ್ತವೆ. ತಡೆಯಬೇಕಾ?

ತಡೆಯಬೇಡಿ, ಅದೇ ಅವುಗಳ ಶಾಲೆ. ಸುಮಾರು ನಾಲ್ಕು ವಾರ ತುಂಬುವ ಹೊತ್ತಿಗೆ ಮರಿಗಳು ಒಂದರ ಜೊತೆ ಒಂದು ಆಡಲು ಶುರುಮಾಡುತ್ತವೆ. ಎರಡು-ಮೂರು ತಿಂಗಳ ಹೊತ್ತಿಗೆ ಅದು ತಾರಕಕ್ಕೇರುತ್ತದೆ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ಇನ್ನೊಂದು ಕಿರುಚುತ್ತದೆ, ಎಷ್ಟು ಕಚ್ಚಿದರೆ ಆಟ ಮುಂದುವರಿಯುತ್ತದೆ ಎನ್ನುವುದನ್ನು ಅಲ್ಲೇ ಕಲಿಯುತ್ತವೆ. ತಾಯಿಯೂ ಆಗಾಗ ಒಂದು ಏಟು ಹಾಕುತ್ತದೆ, ಹಾಲು ಬಿಡಿಸುವ ಸಮಯದಲ್ಲಂತೂ ಜಾಸ್ತಿ.

ತುಂಬಾ ಚಿಕ್ಕದಿದ್ದಾಗಲೇ ತಾಯಿಯಿಂದ ಬೇರೆ ಮಾಡಿ, ಒಂಟಿಯಾಗಿ ಬಾಟಲಿ ಹಾಲಲ್ಲಿ ಬೆಳೆಸಿದ ಮರಿಗೆ ಈ ಪಾಠ ಸಿಕ್ಕಿರುವುದಿಲ್ಲ. ಅದು ದೊಡ್ಡದಾದ ಮೇಲೆ ನಿಮ್ಮ ಕೈಯನ್ನೂ ಬೇರೆ ಬೆಕ್ಕುಗಳನ್ನೂ ಹಿಂದೆಮುಂದೆ ನೋಡದೆ ಕಚ್ಚಬಹುದು. ಮರಿ ತರುವುದಿದ್ದರೆ ಕನಿಷ್ಠ ಎರಡು ತಿಂಗಳು ತಾಯಿ ಹತ್ತಿರ ಇರಲಿ. ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ವಯಸ್ಸಾದ ಬೆಕ್ಕಿದೆ. ಹೊಸ ಮರಿ ಬಂದು ಅದರ ಪ್ರಾಣ ತಿನ್ನುತ್ತಿದೆ.

ಇಲ್ಲಿ ಗಾದೆಯನ್ನು ಸ್ವಲ್ಪ ತಿದ್ದಬೇಕು: ಮರಿಗೆ ಚೆಲ್ಲಾಟ, ಅಜ್ಜಿ ಬೆಕ್ಕಿಗೆ ಪ್ರಾಣಸಂಕಟ. ಮರಿಯ ಕಡೆಯಿಂದ ಇದು ನೂರಕ್ಕೆ ನೂರು ಆಟ. ಹತ್ತು ವರ್ಷದ ಬೆಕ್ಕಿಗೆ ಮಂಡಿ ನೋವೂ ಇರಬಹುದು, ಅದಕ್ಕೆ ಇದು ಕಿರುಕುಳ. ಇಬ್ಬರೂ ಒಪ್ಪಿದರೆ ಮಾತ್ರ ಆಟ.

ಮರಿಯನ್ನು ನೀವೇ ಸುಸ್ತು ಮಾಡಿ. ಕೋಲಿಗೆ ಗರಿ ಕಟ್ಟಿದ ಆಟಿಕೆ ಸಾಕು, ಊಟಕ್ಕೆ ಮುಂಚೆ ಒಂದು ಹತ್ತು ನಿಮಿಷ ಓಡಿಸಿ. ಆಡಿ ಆದ ಮೇಲೆ ದಾರ ಎತ್ತಿಡಿ. ಹೂ ಕಟ್ಟುವ ದಾರ, ಹೊಲಿಗೆ ನೂಲು ನುಂಗಿ ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್‌ವರೆಗೂ ಹೋಗುತ್ತದೆ. ದೊಡ್ಡ ಬೆಕ್ಕಿಗೆ ಮರಿ ಹತ್ತಲಾಗದ ಒಂದು ಜಾಗ ಇರಲಿ. ಸಾಧ್ಯವಿದ್ದವರು ಒಂದರ ಬದಲು ಎರಡು ಮರಿ ತರುವುದೇ ಲೇಸು. ಅವೆರಡೂ ತಮ್ಮ ಪಾಡಿಗೆ ಕುಸ್ತಿ ಆಡಿಕೊಳ್ಳುತ್ತವೆ, ಹಿರಿಯರಿಗೆ ನೆಮ್ಮದಿ.

ನಮ್ಮನೆಯಲ್ಲಿ ಜಗಳವೇ ಇಲ್ಲ. ಆದರೆ ಒಂದು ಬೆಕ್ಕು ಯಾವಾಗಲೂ ಅಟ್ಟದ ಮೇಲೇ ಇರುತ್ತದೆ. ಅದರ ಸ್ವಭಾವವೇ ಹಾಗಾ?

ಇರಬಹುದು. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ಇನ್ನೊಂದು ಬೆಕ್ಕು ಎಲ್ಲಿ ಕೂರುತ್ತದೆ ಎಂದು ಒಂದು ವಾರ ಗಮನಿಸಿ.

ಹೆಚ್ಚಿನವರ ಕಣ್ಣಿಗೆ ಬೀಳದ ಜಗಳ ಇದು. ದಬ್ಬಾಳಿಕೆ ಮಾಡುವ ಬೆಕ್ಕು ಹೊಡೆಯಬೇಕೆಂದೇ ಇಲ್ಲ. ಅಡುಗೆಮನೆಗೆ ಹೋಗುವ ಓಣಿಯ ನಡುವೆ ಕಾಲು ಚಾಚಿ ಮಲಗಿರುತ್ತದೆ. ಸೋಮಾರಿ ಎಂದು ನಾವು ಮುದ್ದು ಮಾಡುತ್ತೇವೆ. ಇನ್ನೊಂದು ಬೆಕ್ಕು ಬಾಗಿಲವರೆಗೆ ಬರುತ್ತದೆ, ನಿಲ್ಲುತ್ತದೆ. ಮಲಗಿದ್ದು ತಲೆ ಎತ್ತಿ ಕಣ್ಣು ಮಿಟುಕಿಸದೆ ನೋಡುತ್ತದೆ. ಬಾಲದ ತುದಿ ಮಾತ್ರ ಅಲ್ಲಾಡುತ್ತದೆ. ಬಂದದ್ದು ನೆಲಕ್ಕೆ ಅಂಟಿದ ಹಾಗೆ ತಗ್ಗಿ, ಮುಖ ತಿರುಗಿಸಿ, ಬಂದ ದಾರಿಯಲ್ಲೇ ವಾಪಸ್ಸು. ಒಂದು ಸದ್ದಿಲ್ಲ, ಒಂದು ಪರಚು ಗಾಯವಿಲ್ಲ. ಆದರೆ ಆ ಬೆಕ್ಕಿಗೆ ಇವತ್ತು ನೀರಿಲ್ಲ, ಅಥವಾ ಉಚ್ಚೆ-ಕಕ್ಕಸಿಗೆಂದು ಇಟ್ಟ ಮರಳಿನ ಟ್ರೇಗೆ ಹೋಗುವ ಹಾಗಿಲ್ಲ.

ಇದು ದಿನಗಟ್ಟಲೆ ನಡೆದರೆ ಏನಾಗುತ್ತದೆ? ಆ ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ಯಲು ಶುರುಮಾಡುತ್ತದೆ, ಮನೆಯವರು ಅದಕ್ಕೇ ಬೈಯುತ್ತಾರೆ. ಊಟ ಸಿಕ್ಕಾಗ ಗಬಗಬ ತಿಂದು ಕಕ್ಕುತ್ತದೆ. ಹೊಟ್ಟೆಯ ಕೂದಲು ಬೋಳಾಗುವಷ್ಟು ನೆಕ್ಕಿಕೊಳ್ಳುತ್ತದೆ. ಒತ್ತಡದಿಂದ ಮೂತ್ರಕೋಶದ ಉರಿಯೂತವೂ ಬರುತ್ತದೆ. ಗಂಡು ಬೆಕ್ಕು ಟ್ರೇಗೆ ಹೋಗಿ ಹೋಗಿ ತಿಣುಕುತ್ತಿದ್ದು ಉಚ್ಚೆ ಬರುತ್ತಿಲ್ಲ ಎಂದರೆ ನಾಳೆ ನೋಡೋಣ ಅನ್ನಬೇಡಿ. ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು.

ಎರಡೂ ಸೇರಿ ಸೋಫಾ ಹರಿದು ಹಾಕುವ ಮನೆಗಿಂತ ಈ ಮೌನದ ಮನೆಗೇ ಮೊದಲು ಸಹಾಯ ಬೇಕು.

ಸರಿ, ಅದನ್ನು ಸರಿಮಾಡುವುದು ಹೇಗೆ?

ಬೆಕ್ಕುಗಳಿಗೆ ಹಂಚಿಕೊಂಡು ತಿನ್ನುವ ಸಂಸ್ಕಾರ ಇಲ್ಲ. ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ‘ಎಷ್ಟು ಚೆನ್ನಾಗಿ ಒಟ್ಟಿಗೆ ತಿಂತಾವೆ’ ಎಂದು ಫೋಟೋ ತೆಗೆಯುವುದು ನಮಗೆ ಖುಷಿ, ಅವಕ್ಕಲ್ಲ. ತಟ್ಟೆಗಳನ್ನು ಒಂದಕ್ಕೊಂದು ಕಾಣದ ಜಾಗದಲ್ಲಿಡಿ. ನೀರು ಎರಡು-ಮೂರು ಕಡೆ ಇರಲಿ.

ಟ್ರೇ ವಿಷಯದಲ್ಲಿ ಎಲ್ಲರೂ ಹೇಳುವ ಲೆಕ್ಕ, ಬೆಕ್ಕುಗಳ ಸಂಖ್ಯೆಗಿಂತ ಒಂದು ಜಾಸ್ತಿ. ಎರಡು ಬೆಕ್ಕಿಗೆ ಮೂರು ಟ್ರೇ. ಮೂರನ್ನೂ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ, ಏಕೆಂದರೆ ಬಾಲ್ಕನಿ ಬಾಗಿಲಲ್ಲಿ ಒಂದು ಬೆಕ್ಕು ಕೂತರೆ ಮೂರೂ ಬಂದ್. ಬೇರೆ ಬೇರೆ ಕೋಣೆಯಲ್ಲಿಡಿ. ಒನ್ ಬಿಎಚ್‌ಕೆ ಮನೆಯಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಹಾಲಿನ ಮೂಲೆಯಲ್ಲಿ ಒಂದು, ಬಾತ್‌ರೂಮಿನಲ್ಲಿ ಒಂದು ಇಟ್ಟರೂ ಅರ್ಧ ತೊಂದರೆ ಕಡಿಮೆ.

ನೆಲದಲ್ಲಿ ಜಾಗ ಇಲ್ಲದಿದ್ದರೆ ಗೋಡೆಯಲ್ಲಿ ಇದೆ. ಸಜ್ಜಾ, ಬೀರುವಿನ ತಲೆ, ಪುಸ್ತಕದ ಕಪಾಟು, ಇವಕ್ಕೆ ಹತ್ತಲೂ ಇಳಿಯಲೂ ಬೇರೆ ಬೇರೆ ದಾರಿ ಇರಬೇಕು. ಒಂದೇ ದಾರಿ ಇದ್ದರೆ ಅದೇ ಬೋನಾಗುತ್ತದೆ. ಅಡಗಲು ರಟ್ಟಿನ ಡಬ್ಬ ಇಡುವುದಾದರೆ ಎರಡೂ ಕಡೆ ತೂತು ಮಾಡಿ.

ವರ್ಷಗಳಿಂದ ಜೊತೆಗಿದ್ದವು. ನಿನ್ನೆಯಿಂದ ಒಂದು ಇನ್ನೊಂದನ್ನು ಕೊಲ್ಲುವ ಹಾಗೆ ಮಾಡುತ್ತಿದೆ!

ಮೊದಲು ಅವನ್ನು ಬೇರೆ ಬೇರೆ ಕೋಣೆಯಲ್ಲಿ ಹಾಕಿ, ಆಮೇಲೆ ಓದಿ.

ಹೆಚ್ಚಾಗಿ ಕಾರಣ ಆ ಇನ್ನೊಂದು ಬೆಕ್ಕೇ ಅಲ್ಲ. ಕಿಟಕಿಯಾಚೆ ಕಾಂಪೌಂಡ್ ಗೋಡೆ ಮೇಲೆ ಬೀದಿಯ ಗಂಡು ಬೆಕ್ಕು ಬಂದು ಕೂತಿರುತ್ತದೆ. ನಿಮ್ಮ ಬೆಕ್ಕಿಗೆ ಅದನ್ನು ಮುಟ್ಟಲಾಗುವುದಿಲ್ಲ, ಮೈಯೆಲ್ಲ ಉರಿ. ಅಷ್ಟರಲ್ಲಿ ಪಾಪ, ಮನೆಯ ಜೊತೆಗಾರ ಪಕ್ಕ ಬರುತ್ತಾನೆ. ಏಟು ಅವನಿಗೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತೇವಲ್ಲ, ಇಲ್ಲಿ ಕೊತ್ತಿಯ ಕೋಪವೂ ಕೊತ್ತಿಯ ಮೇಲೆಯೇ. ದೀಪಾವಳಿ ಪಟಾಕಿಗೂ, ಪ್ರೆಶರ್ ಕುಕ್ಕರ್ ಸಿಡಿದಂಥ ಸದ್ದಿಗೂ ಹೀಗಾಗುತ್ತದೆ. ಸದ್ದು ಬಂದ ಗಳಿಗೆಯಲ್ಲಿ ಕಣ್ಣೆದುರು ಯಾರಿದ್ದರೋ ಅವರೇ ಅದಕ್ಕೆ ಕಾರಣ ಎಂದು ಬೆಕ್ಕು ಜೋಡಿಸಿಕೊಂಡುಬಿಡುತ್ತದೆ.

ಈ ಸಿಟ್ಟು ತಕ್ಷಣ ಇಳಿಯುವುದಿಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ಒಂದೆರಡು ದಿನವೂ ಇರುತ್ತದೆ. ಕತ್ತಲೆ ಕೋಣೆ, ನೀರು, ಟ್ರೇ, ಊಟ ಕೊಟ್ಟು ಬಿಟ್ಟುಬಿಡಿ. ಸಮಾಧಾನ ಮಾಡಲು ಎತ್ತಿಕೊಂಡರೆ ಕಚ್ಚಿಸಿಕೊಳ್ಳುತ್ತೀರಿ. ಕಿಟಕಿಯ ಕೆಳಭಾಗಕ್ಕೆ ಪೇಪರ್ ಅಂಟಿಸಿ, ಹೊರಗಿನ ಬೆಕ್ಕು ಕಾಣದ ಹಾಗೆ.

ಹೊರಗೆ ಯಾವ ಕಾರಣವೂ ಸಿಗದಿದ್ದರೆ ಡಾಕ್ಟರಿಗೆ ತೋರಿಸಿ. ಹಲ್ಲುನೋವು, ಕೀಲುನೋವು, ವಯಸ್ಸಾದ ಬೆಕ್ಕಿಗೆ ಥೈರಾಯ್ಡ್ ಜಾಸ್ತಿಯಾಗುವುದು, ಇವೆಲ್ಲ ಸಿಡುಕಿಗೆ ಕಾರಣ. ಬೆಕ್ಕು ನೋವನ್ನು ಮುಚ್ಚಿಡುವುದರಲ್ಲಿ ನಿಸ್ಸೀಮ, ನಮಗೆ ಕಾಣುವುದು ಸಿಟ್ಟು ಮಾತ್ರ.

ಡಾಕ್ಟರ್ ಹತ್ತಿರ ಹೋಗಿ ಬಂದ ಬೆಕ್ಕನ್ನು ಮನೆಯ ಬೆಕ್ಕು ಗುರುತೇ ಹಿಡಿಯುತ್ತಿಲ್ಲ.

ವಾಸನೆ ಬದಲಾಗಿದೆ. ಬೆಕ್ಕಿಗೆ ಮನೆಯವರು ಅಂದರೆ ಮನೆಯ ವಾಸನೆ. ಸ್ಪಿರಿಟ್ಟು, ಔಷಧಿ, ಬೇರೆ ಪ್ರಾಣಿಗಳ ವಾಸನೆ ಹೊತ್ತು ಬಂದದ್ದು ಅದರ ಪಾಲಿಗೆ ಹೊಸಬ. ಸ್ನಾನ ಮಾಡಿಸಿದಾಗಲೂ ಹೀಗೇ. ಬಂದ ಬೆಕ್ಕನ್ನು ಒಂದು ಕೋಣೆಯಲ್ಲಿ ಬಿಟ್ಟು ಅದು ಮೈ ನೆಕ್ಕಿಕೊಂಡು ತನ್ನ ವಾಸನೆಗೆ ಮರಳಲು ಸಮಯ ಕೊಡಿ. ಮನೆಯ ಹಳೇ ಟವಲ್ಲಿನಿಂದ ಮೈ ಒರೆಸಿ. ಮುಂದಿನ ಸಲ ಬಾಸ್ಕೆಟ್ಟಿನಲ್ಲಿ ಅದೇ ಟವಲ್ ಹಾಸಿಕೊಂಡು ಹೋಗಿ.

ಗಂಡು ಬೆಕ್ಕು ಹೆಣ್ಣಿನ ಕತ್ತಿನ ಹಿಂದೆ ಕಚ್ಚಿ ಹಿಡಿಯುತ್ತದೆ. ಹೆಣ್ಣು ಕಿರುಚುತ್ತದೆ. ಜಗಳವಾ?

ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗಿಲ್ಲದಿದ್ದರೆ ಅದು ಕೂಡುವುದು. ಕೊನೆಯಲ್ಲಿ ಹೆಣ್ಣು ಜೋರಾಗಿ ಕಿರುಚಿ, ತಿರುಗಿ ಗಂಡಿಗೆ ಬಾರಿಸಿ, ನೆಲದಲ್ಲಿ ಹೊರಳಾಡುತ್ತದೆ. ಸುಮಾರು ಒಂಬತ್ತು ವಾರಕ್ಕೆ ಮನೆ ತುಂಬಾ ಮರಿ. ಹೆಣ್ಣು ಮರಿ ನಾಲ್ಕು-ಐದು ತಿಂಗಳಿಗೇ ಬೆದೆಗೆ ಬರಬಹುದು, ಒಂದೇ ತಾಯಿಯ ಮರಿಗಳಾದರೂ ಅವಕ್ಕೆ ಅಣ್ಣ ತಂಗಿ ಎಂಬ ಭೇದವಿಲ್ಲ.

ಆಪರೇಷನ್ ಆದ ಗಂಡೂ ಕೆಲವೊಮ್ಮೆ ಹೀಗೆ ಹಿಡಿಯುತ್ತದೆ. ಬೇಸರಕ್ಕೆ, ಉದ್ವೇಗಕ್ಕೆ. ಹೆಣ್ಣು ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದರೆ ಆಟಿಕೆ ಎಸೆದು ಅದರ ಗಮನ ಬೇರೆಡೆ ತಿರುಗಿಸಿ.

ಆಪರೇಷನ್ ಮಾಡಿಸಿದರೆ ಜಗಳ ನಿಲ್ಲುತ್ತದಾ?

ಗಂಡುಗಳ ನಡುವಿನ ಜಗಳ ಬಹಳ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ವಯಸ್ಸಿಗೆ ಮಾಡಿಸುತ್ತಾರೆ. ಮಾರನೇ ದಿನವೇ ಸಾಧು ಆಗುತ್ತದೆ ಎಂದು ಕಾಯಬೇಡಿ, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಅಷ್ಟು ದಿನ ಹೆಣ್ಣು ಬೆಕ್ಕಿನಿಂದ ದೂರವೂ ಇಡಿ. ವರ್ಷಗಟ್ಟಲೆ ಹೊಡೆದಾಡಿ ರೂಢಿಯಾದ ಮೇಲೆ ಮಾಡಿಸಿದರೆ ಜಗಳದ ಅಭ್ಯಾಸ ಸ್ವಲ್ಪ ಉಳಿದುಕೊಳ್ಳುತ್ತದೆ.

ನಿಜವಾದ ಜಗಳ ಶುರುವಾಗಿದೆ. ಬಿಡಿಸುವುದು ಹೇಗೆ?

ಕೈ ಹಾಕಬೇಡಿ. ಕಾಲೂ ಬೇಡ. ಬಕೆಟ್ ಮುಚ್ಚಳ, ದಿಂಬು, ರಟ್ಟು, ಮೊರ, ಕೈಗೆ ಸಿಕ್ಕಿದ್ದನ್ನು ಎರಡರ ನಡುವೆ ಇಳಿಸಿ. ಒಂದಕ್ಕೊಂದು ಕಾಣದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಜೋರಾಗಿ ಒಂದು ಚಪ್ಪಾಳೆಯೂ ಕೆಲಸ ಮಾಡುತ್ತದೆ. ಎರಡೂ ಅಂಟಿಕೊಂಡು ಉರುಳುತ್ತಿದ್ದರೆ ದಪ್ಪ ಬೆಡ್‌ಶೀಟ್ ಮೇಲೆ ಹಾಕಿ. ಬಿಟ್ಟ ತಕ್ಷಣ ಒಂದನ್ನು ರಟ್ಟಿನಿಂದಲೇ ಬೇರೆ ಕೋಣೆಗೆ ದಾಟಿಸಿ ಬಾಗಿಲು ಹಾಕಿ.

ಇನ್ನೂ ಹೊಡೆದಾಟ ಶುರುವಾಗಿಲ್ಲ, ಎರಡೂ ದುರುಗುಟ್ಟುತ್ತಾ ನಿಂತಿವೆ ಎಂದಾದರೆ ಅದೇ ಒಳ್ಳೆ ಸಮಯ. ಆಗ ಕಿರುಚಬೇಡಿ, ಆ ಸದ್ದೇ ಕಿಡಿ ಹೊತ್ತಿಸಬಹುದು. ಮೆಲ್ಲಗೆ ಮಧ್ಯೆ ರಟ್ಟು ಇಳಿಸಿ.

ತಪ್ಪು ಮಾಡಿದ ಬೆಕ್ಕಿಗೆ ಒಂದು ಏಟು ಹಾಕಿದರೆ ಬುದ್ಧಿ ಬರುವುದಿಲ್ಲವಾ? ನೀರು ಚಿಮುಕಿಸಿದರೆ?

ಬರುವುದಿಲ್ಲ. ‘ಆ ಬೆಕ್ಕು ಹತ್ತಿರ ಬಂದಾಗಲೆಲ್ಲ ನನಗೆ ಏಟು ಬೀಳುತ್ತದೆ’ ಎಂದು ಕಲಿಯುತ್ತದೆ. ದ್ವೇಷ ಇನ್ನಷ್ಟು ಗಟ್ಟಿಯಾಗುತ್ತದೆ, ನಿಮ್ಮ ಮೇಲೂ.

ಜಗಳದಲ್ಲಿ ಗಾಯ ಆಗಿದೆಯಾ ಎಂದು ನೋಡುವುದು ಹೇಗೆ?

ಬೆರಳಿನಿಂದ ಮೈ ಸವರಿ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡಿ ಆಳಕ್ಕೆ ಹೋಗುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ಎರಡು ದಿನದಿಂದ ಐದು ದಿನದೊಳಗೆ ಬಿಸಿಯಾದ ಗಡ್ಡೆ, ಜ್ವರ, ಊಟ ಬಿಡುವುದು ಕಾಣಿಸುತ್ತದೆ. ಮುಖ, ಕುತ್ತಿಗೆ, ಮುಂಗಾಲಿನಲ್ಲಿ ಗಾಯವಾಗಿದ್ದರೆ ಅದು ಎದುರು ನಿಂತು ಹೋರಾಡಿದೆ. ಬಾಲದ ಬುಡದಲ್ಲಿ ಆಗಿದ್ದರೆ ಓಡುವಾಗ ಕಚ್ಚಿಸಿಕೊಂಡಿದೆ. ಯಾರು ಯಾರನ್ನು ಅಟ್ಟುತ್ತಿದ್ದಾರೆ ಎಂದು ನೀವು ಮನೆಯಲ್ಲಿಲ್ಲದಾಗಲೂ ಇದರಿಂದ ಗೊತ್ತಾಗುತ್ತದೆ.

ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಒರೆಸಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಡೆಟಾಲ್ ಹಚ್ಚಬೇಡಿ, ಬೆಕ್ಕಿಗೆ ಅದು ವಿಷ, ನೆಕ್ಕಿದರೆ ಇನ್ನೂ ಕಷ್ಟ. ನೋವಿಗೆಂದು ಪ್ಯಾರಾಸಿಟಮಾಲ್ ಮಾತ್ರೆಯನ್ನಂತೂ ಕೊಡಲೇಬೇಡಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಯಾವ ಹೆಸರಲ್ಲಿ ಬಂದರೂ ಒಳಗಿರುವುದು ಅದೇ. ಒಂದು ಮಾತ್ರೆಯಲ್ಲೇ ಬೆಕ್ಕು ಸಾಯಬಹುದು.

ಹೊರಗೆ ಓಡಾಡಿ ಬೇರೆ ಬೆಕ್ಕುಗಳ ಜೊತೆ ಕಚ್ಚಾಡುವ ಬೆಕ್ಕಾದರೆ ಎಫ್‌ಐವಿ ಪರೀಕ್ಷೆ ಬಗ್ಗೆಯೂ ಕೇಳಿ. ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ಈ ವೈರಸ್ ಮುಖ್ಯವಾಗಿ ಕಚ್ಚಿದ ಗಾಯದಿಂದ ಹರಡುತ್ತದೆ. ಮನುಷ್ಯರಿಗೆ ಬರುವುದಿಲ್ಲ.

ಬಿಡಿಸಲು ಹೋಗಿ ನನಗೇ ಕಚ್ಚಿತು.

ನಲ್ಲಿ ನೀರು, ಸೋಪು, ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ. ಹೊರಗೆ ಹೋಗುವ, ಲಸಿಕೆ ಹಾಕಿಸದ ಬೆಕ್ಕಿನಿಂದಲೂ ಬರಬಹುದು, ಬಂದ ಮೇಲೆ ಔಷಧಿ ಇಲ್ಲ. ಚುಚ್ಚುಮದ್ದು ಬೇಕಾ ಬೇಡವಾ ಎಂದು ಡಾಕ್ಟರ್ ಹೇಳಲಿ, ಪಕ್ಕದ ಮನೆಯವರಲ್ಲ. ರೇಬಿಸ್ ಚಿಂತೆ ಇಲ್ಲದಿದ್ದರೂ ಬೆಕ್ಕು ಕಚ್ಚಿದ ಕೈ ಒಂದೇ ರಾತ್ರಿಯಲ್ಲಿ ಊದಿಕೊಳ್ಳುತ್ತದೆ, ಬೆರಳಿನ ಗೆಣ್ಣಿನ ಹತ್ತಿರವಾದರೆ ಇನ್ನೂ ಅಪಾಯ. ಬೆಕ್ಕಿಗೆ ಮೂರು ತಿಂಗಳು ತುಂಬುತ್ತಿದ್ದಂತೆ ರೇಬಿಸ್ ಲಸಿಕೆ ಹಾಕಿಸಿ, ಡಾಕ್ಟರ್ ಹೇಳಿದ ಹಾಗೆ ವರ್ಷ ವರ್ಷ ಮುಂದುವರಿಸಿ.

ದೊಡ್ಡ ಜಗಳದ ಮೇಲೆ ಮತ್ತೆ ಸೇರಿಸುವುದು ಹೇಗೆ?

ಹೊಸ ಬೆಕ್ಕನ್ನು ಪರಿಚಯಿಸುವ ಹಾಗೆಯೇ, ಮೊದಲಿಂದ. ಬೇರೆ ಬೇರೆ ಕೋಣೆ. ಒಂದರ ಹಾಸಿಗೆ ಬಟ್ಟೆ ಇನ್ನೊಂದರ ಕೋಣೆಗೆ. ಮುಚ್ಚಿದ ಬಾಗಿಲಿನ ಎರಡೂ ಬದಿಯಲ್ಲಿ ಊಟದ ತಟ್ಟೆ, ಮೊದಲು ದೂರ, ಆಮೇಲೆ ದಿನಕ್ಕಿಷ್ಟು ಹತ್ತಿರ. ಎರಡೂ ನಿರಾತಂಕವಾಗಿ ತಿನ್ನುತ್ತಿದ್ದರೆ ಬಾಗಿಲ ಬದಲು ಸೊಳ್ಳೆ ಮೆಶ್. ಅಲ್ಲಿಯೂ ತಿಂದರೆ ನಿಮ್ಮ ಎದುರಿಗೆ ಸ್ವಲ್ಪ ಹೊತ್ತು ಒಟ್ಟಿಗೆ ಬಿಡಿ, ಎರಡಕ್ಕೂ ಬೇರೆ ಬೇರೆ ಆಟಿಕೆ ಕೊಟ್ಟು. ಬಿಸಿ ಏರುವ ಮೊದಲೇ ಮುಗಿಸಿ.

ಎಷ್ಟು ದಿನ ಬೇಕು? ಕೆಲವಕ್ಕೆ ಒಂದು ವಾರ, ಕೆಲವಕ್ಕೆ ತಿಂಗಳುಗಳು. ‘ಒಂದೇ ಕೋಣೆಯಲ್ಲಿ ಬಿಟ್ಟರೆ ತಾವೇ ಬಗೆಹರಿಸಿಕೊಳ್ಳುತ್ತವೆ’ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಕೇಳಬೇಡಿ. ಬೆಕ್ಕುಗಳು ಜಗಳ ಆಡಿ ರಾಜಿಯಾಗುವುದಿಲ್ಲ, ಒಂದು ಸೋತು ಮಂಚದ ಕೆಳಗೆ ಸೇರುತ್ತದೆ. ಬೆಕ್ಕಿಗೆ ಸಮಾಧಾನ ತರುವ ವಾಸನೆ ಹರಡಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಫೆರೊಮೋನ್ ಡಿಫ್ಯೂಸರ್ ಕೆಲವು ಮನೆಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಅದೊಂದನ್ನೇ ನಂಬಿ ಕೂತರೆ ದುಡ್ಡು ದಂಡ.

ಏನು ಮಾಡಿದರೂ ಆಗುತ್ತಿಲ್ಲ. ಒಂದನ್ನು ಮಾರ್ಕೆಟ್ ಹತ್ತಿರ ಬಿಟ್ಟು ಬರಬಹುದಾ? ಅಲ್ಲಿ ಮೀನು ಸಿಗುತ್ತದಲ್ಲ?

ಬೇಡ. ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬರುವುದು ನಮ್ಮೂರುಗಳಲ್ಲಿ ಹಳೇ ಪದ್ಧತಿ, ಹಳೇದಾದ ಮಾತ್ರಕ್ಕೆ ಸರಿಯಲ್ಲ. ಮೀನು ಮಾರ್ಕೆಟ್ಟಿಗೆ ಆಗಲೇ ಅಲ್ಲಿನ ಬೆಕ್ಕುಗಳು ಯಜಮಾನರಾಗಿರುತ್ತವೆ. ಮನೆಯಲ್ಲಿ ಬೆಳೆದದ್ದು ಅಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ನಿಜಕ್ಕೂ ಹೊಂದಿಕೆಯಾಗದ ಜೋಡಿಗಳಿವೆ. ಅಂಥ ಕಡೆ ಒಂದಕ್ಕೆ ಬೇರೆ ಒಳ್ಳೆ ಮನೆ ಹುಡುಕುವುದು ಎರಡಕ್ಕೂ ಉಪಕಾರ. ಅಲ್ಲಿಯವರೆಗೆ ಪಾಳಿ ಮೇಲೆ ಒಂದನ್ನು ಕೋಣೆಯಲ್ಲಿ, ಒಂದನ್ನು ಹಾಲಿನಲ್ಲಿ ಇಟ್ಟುಕೊಂಡೂ ನಡೆಸುವವರಿದ್ದಾರೆ.

ಇಷ್ಟೆಲ್ಲ ಓದಿದರೂ ನಮ್ಮನೆಯದು ಯಾವುದು ಎಂದು ತಿಳಿಯುತ್ತಿಲ್ಲ.

ಮೊಬೈಲ್ ತೆಗೆದು ವಿಡಿಯೋ ಮಾಡಿ. ಕುಸ್ತಿ ಮಾತ್ರ ಅಲ್ಲ, ಅದಕ್ಕೆ ಮುಂಚಿನ ಅರ್ಧ ನಿಮಿಷ ಮತ್ತು ಮುಗಿದ ಮೇಲಿನ ಎರಡು ನಿಮಿಷವೂ ಬರಲಿ. ಆಮೇಲೆ ಸದ್ದು ಬಂದ್ ಮಾಡಿ ನಿಧಾನವಾಗಿ ಓಡಿಸಿ ನೋಡಿ. ಒಂದು ಸಲ ಒಂದು ಬೆಕ್ಕನ್ನು ಮಾತ್ರ ನೋಡಿ, ಇನ್ನೊಂದು ಸಲ ಇನ್ನೊಂದನ್ನು. ಯಾವುದು ಹತ್ತಿರ ಹೋಯಿತು, ಯಾವುದು ದೂರ ಸರಿಯಿತು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಗಲೂ ಗೊಂದಲವಿದ್ದರೆ ಅದೇ ವಿಡಿಯೋವನ್ನು ಡಾಕ್ಟರಿಗೆ ತೋರಿಸಿ. ಕ್ಲಿನಿಕ್ಕಿನ ಮೇಜಿನ ಮೇಲೆ ಎರಡೂ ಬೆಕ್ಕುಗಳು ಮಹಾ ಸಭ್ಯರಂತೆ ಮುದುಡಿ ಕೂರುತ್ತವೆ, ಅಲ್ಲಿ ಅವರಿಗೆ ಏನೂ ಕಾಣುವುದಿಲ್ಲ.